ಅವ್ವನ ಬದಲಿಗೆ ಮಗ ಸಹಿ ಹಾಕಬಹುದೇ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಅವ್ವನಿಗೆ 57 ವರ್ಷ. ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ದಾವಣಗೆರೆಯಲ್ಲಿ ಬಯಾಪ್ಸಿ ಮಾಡಿಸಿದಾಗ ಸ್ತನ ಕ್ಯಾನ್ಸರ್ ಎಂದು ಬಂತು. ಅವ್ವನಿಗೆ ‘ನೀರುಗಂಟು, ಇಂಜೆಕ್ಷನ್ ಕೊಟ್ಟು ಕರಗಿಸ್ತಾರೆ’ ಎಂದಷ್ಟೇ ಹೇಳಿದ್ದೇವೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ಕೀಮೋ, ಆಮೇಲೆ ಆಪರೇಷನ್ ಎಂದಿದ್ದಾರೆ. ಜೊತೆಗೆ ಹೊಸ ಔಷಧಿಯ ಒಂದು ಸ್ಟಡಿ ನಡೆಯುತ್ತಿದೆ, ಸೇರಿದರೆ ಆ ಔಷಧಿ ಉಚಿತ ಎಂದು 14 ಪುಟದ ಕಾಗದ ಕೊಟ್ಟಿದ್ದಾರೆ. ಅವ್ವನಿಗೆ ಓದಲು ಬರುವುದಿಲ್ಲ. ನಾನೇ ಸಹಿ ಹಾಕಬಹುದೇ? ವಿಷಯ ಗೊತ್ತಾದರೆ ಅವರು ಕುಸಿದುಹೋಗುತ್ತಾರೆ ಎಂಬ ಭಯವೂ ಇದೆ. ಡಾಕ್ಟರ ಹತ್ತಿರ ಏನೇನು ಕೇಳಬೇಕು?

ಉತ್ತರ: ಸಹಿ ನೀವು ಹಾಕುವಂತಿಲ್ಲ. ಹೊಸ ಔಷಧಿಗಳ ಪ್ರಯೋಗಕ್ಕೆ ನಮ್ಮಲ್ಲಿ 2019ರ ‘ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು’ ಅನ್ವಯಿಸುತ್ತವೆ. ರೋಗಿಗೆ ಪ್ರಜ್ಞೆ ಇಲ್ಲದಿದ್ದರೆ, ಚಿಕ್ಕ ಮಕ್ಕಳಾಗಿದ್ದರೆ, ತೀವ್ರ ಮಾನಸಿಕ ಕಾಯಿಲೆಯಿಂದ ತೀರ್ಮಾನ ಮಾಡಲಾಗದ ಸ್ಥಿತಿಯಲ್ಲಿದ್ದರೆ ಮಾತ್ರ ಕಾನೂನು ಒಪ್ಪುವ ಪ್ರತಿನಿಧಿ ಸಹಿ ಹಾಕಬಹುದು. ಓದು ಬರಹ ಬಾರದಿರುವುದು ಈ ಪಟ್ಟಿಯಲ್ಲಿಲ್ಲ. ಮನೆಯ ಲೆಕ್ಕ, ಹೊಲದ ಲೆಕ್ಕ, ಸಂಘದ ಸಾಲದ ಕಂತು ಎಲ್ಲವನ್ನೂ ನೆನಪಿನಲ್ಲೇ ಇಟ್ಟುಕೊಂಡಿರುವ ಹೆಣ್ಣುಮಗಳಿಗೆ ತನ್ನ ಮೈಯ ವಿಷಯ ತೀರ್ಮಾನಿಸಲು ಬರುವುದಿಲ್ಲ ಎಂದು ಯಾವ ಎಥಿಕ್ಸ್ ಕಮಿಟಿಯೂ (ಪ್ರಯೋಗಗಳನ್ನು ಪರಿಶೀಲಿಸಿ ಅನುಮತಿ ಕೊಡುವ ಸಮಿತಿ) ಒಪ್ಪುವುದಿಲ್ಲ.

ಸ್ಟಡಿ ಬಿಡಿ, ಮಾಮೂಲು ಆಪರೇಷನ್ನಿಗೂ ಇದೇ ಮಾತು. ಸಮೀರಾ ಕೊಹ್ಲಿ ಪ್ರಕರಣದಲ್ಲಿ ರೋಗಿ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ತುರ್ತು ಇಲ್ಲದಿದ್ದಾಗ, ಸ್ವತಃ ಒಪ್ಪಿಗೆ ಕೊಡಬಲ್ಲ ವಯಸ್ಕರ ಬದಲು ಮನೆಯವರು ಕೊಟ್ಟ ಒಪ್ಪಿಗೆ ನಡೆಯದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಆಸ್ಪತ್ರೆಗಳಲ್ಲಿ ಇಂದಿಗೂ ‘ಅಟೆಂಡರ್ ಯಾರು, ಬನ್ನಿ ಸಹಿ ಮಾಡಿ’ ಎಂದು ಕರೆಯುವುದು ರೂಢಿಯಲ್ಲಿದೆ. ರೂಢಿ ಬೇರೆ, ಕಾನೂನು ಬೇರೆ.

ಓದಲು ಬಾರದವರ ಒಪ್ಪಿಗೆ ಪಡೆಯಲು ಗೊತ್ತಾದ ಕ್ರಮವಿದೆ. ಮಾಹಿತಿ ಪತ್ರ ಕನ್ನಡದಲ್ಲಿರಬೇಕು. ನಿಮ್ಮ ಕೈಯಲ್ಲಿರುವ 14 ಪುಟ ಇಂಗ್ಲಿಷಿನಲ್ಲಿದ್ದರೆ ಎಥಿಕ್ಸ್ ಕಮಿಟಿ ಒಪ್ಪಿದ ಕನ್ನಡ ಪ್ರತಿಯನ್ನೇ ಕೇಳಿ. ನರ್ಸ್ ನಿಂತಲ್ಲೇ ಅನುವಾದಿಸಿ ಹೇಳಿದರೆ ಅದು ಲೆಕ್ಕಕ್ಕೆ ಬಾರದು. ಓದಿ ವಿವರಿಸುವಾಗ ಮೊದಲಿನಿಂದ ಕೊನೆಯವರೆಗೆ ಒಬ್ಬ ನಿಷ್ಪಕ್ಷ ಸಾಕ್ಷಿ ಕೂತಿರಬೇಕು. ಅವರು ಆ ಸ್ಟಡಿಯ ಸಿಬ್ಬಂದಿಯಾಗಿರಬಾರದು. ವಿವರಿಸಿ ಮುಗಿದ ಮೇಲೆ ಯಾರನ್ನೋ ಕರೆತಂದು ಸಹಿ ಹಾಕಿಸಿದರೆ ಅದು ಸಾಕ್ಷಿಯಲ್ಲ. ನಿಮ್ಮ ತಾಯಿ ಹೆಬ್ಬೆಟ್ಟು ಒತ್ತುತ್ತಾರೆ, ಸಾಕ್ಷಿ ಸಹಿ ಮಾಡುತ್ತಾರೆ, ಎಲ್ಲ ಪುಟಗಳ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಹಿಂದೆ ಬಳಕೆಗೆ ಬಂದಿರದ ಹೊಚ್ಚ ಹೊಸ ಔಷಧಿಯ ಪ್ರಯೋಗಕ್ಕೆ ದುರ್ಬಲ ವರ್ಗದವರು ಸೇರುವುದಾದರೆ ಇಡೀ ಮಾತುಕತೆಯ ವಿಡಿಯೊ ಚಿತ್ರೀಕರಣವೂ ಕಡ್ಡಾಯ. ಕ್ಯಾಮೆರಾ ಕಂಡು ಅವರು ಗಾಬರಿಯಾಗದಂತೆ ಮೊದಲೇ ಹೇಳಿಟ್ಟಿರಿ.

ಆ ನಮೂನೆಯಲ್ಲಿ ರೋಗಿಯ ಉದ್ಯೋಗ, ವಾರ್ಷಿಕ ಆದಾಯ, ನಾಮಿನಿಯ ಹೆಸರು, ಸಂಬಂಧ ಎಂಬ ಸಾಲುಗಳಿರುತ್ತವೆ. ಪ್ರಯೋಗದಿಂದ ಸಾವು ಸಂಭವಿಸಿದರೆ ಪರಿಹಾರ ಯಾರಿಗೆ ಎಂಬುದಕ್ಕೆ ಆ ನಾಮಿನಿ ಸಾಲು. ಅದನ್ನು ಓದಿ ಕಾಗದ ಅಲ್ಲೇ ಬಿಟ್ಟು ಎದ್ದು ಬರುವವರೂ ಇದ್ದಾರೆ. ನಿಯಮದ ಪ್ರಕಾರ ಇಂಥ ಪ್ರತಿ ಪ್ರಯೋಗದಲ್ಲೂ ಇರಲೇಬೇಕಾದ ಸಾಲು ಅದು, ನಿಮ್ಮ ತಾಯಿಯ ಸ್ಥಿತಿ ನೋಡಿ ಬರೆದದ್ದಲ್ಲ.

ಹೀಗಿರುವಾಗ ‘ನೀರುಗಂಟು’ ಎಂದು ನಂಬಿಸಿ ಸ್ಟಡಿಗೆ ಸೇರಿಸುವ ದಾರಿಯೇ ಇಲ್ಲ. ಕಾಯಿಲೆಯ ಹೆಸರು ಹೇಳದೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಸ್ಟಡಿ ಬೇಡವೆಂದರೂ ಹೇಳುವುದೇ ಒಳ್ಳೆಯದು ಎನ್ನಲು ನನಗೆ ಇನ್ನೂ ಗಟ್ಟಿಯಾದ ಕಾರಣಗಳಿವೆ.

ಆಪರೇಷನ್ನಿಗೆ ಮುಂಚೆ ಕೊಡುವ ಕೀಮೋದಲ್ಲಿ ಕೆಲವೊಮ್ಮೆ ಎರಡು ಮೂರು ಸೈಕಲ್‌ಗಳಲ್ಲೇ (ಸುತ್ತುಗಳಲ್ಲೇ) ಗಂಟು ಕೈಗೆ ಸಿಗದಷ್ಟು ಸಣ್ಣದಾಗುತ್ತದೆ. ಅದಕ್ಕೇ ಮೊದಲೇ ಗಂಟಿನ ಜಾಗದಲ್ಲಿ ಸಣ್ಣ ಲೋಹದ ಕ್ಲಿಪ್ ಇಡುವುದುಂಟು, ಸರ್ಜನ್‌ಗೆ ಜಾಗ ಸಿಗಬೇಕಲ್ಲ. ನೀರುಗಂಟು ಕರಗಿಸುತ್ತಾರೆ ಎಂದು ನಂಬಿದವರು ಆಗ ಏನನ್ನುತ್ತಾರೆ? ‘ಕರಗಿ ಹೋತಲ್ಲ, ಇನ್ಯಾಕೆ ಕೊಯ್ಯಿಸ್ಕಬೇಕು?’ ನೀವು ಹೇಳಿದ ಕಥೆಯ ಪ್ರಕಾರ ಅವರ ಮಾತು ಸರಿಯಾಗೇ ಇರುತ್ತದೆ. ಚಿಕಿತ್ಸೆ ಅರ್ಧಕ್ಕೆ ನಿಂತು, ಒಂದೆರಡು ವರ್ಷದಲ್ಲಿ ಗಂಟು ಮರಳಿದಾಗ ಮುಂಚಿನ ಅವಕಾಶ ಇರುವುದಿಲ್ಲ. ಇನ್ನು ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಇಂಜೆಕ್ಷನ್ ಆದ ಮೇಲೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ, ಎರಡು ಮೂರು ವಾರದಲ್ಲಿ ಕೂದಲು ಉದುರುತ್ತದೆ. ನೀರುಗಂಟಿಗೆ ಕೂದಲು ಯಾಕೆ ಉದುರುತ್ತದೆ ಎಂದು ಪಕ್ಕದ ಹಾಸಿಗೆಯವರನ್ನು ಅವರು ಕೇಳಿಯೇ ಕೇಳುತ್ತಾರೆ. ಪಕ್ಕದ ಹಾಸಿಗೆಯವರು ಹೇಳುವುದಕ್ಕಿಂತ ನೀವು ಹೇಳುವುದು ಮೇಲು. ಆಸ್ಪತ್ರೆಯ ಬೋರ್ಡು ಓದಲು ಬಾರದಿದ್ದರೂ ಕಾರಿಡಾರಿನಲ್ಲಿ ಕೂತ ಬೋಳುತಲೆಗಳನ್ನು ಓದಲು ಅಕ್ಷರ ಬೇಕಿಲ್ಲ. ಎಷ್ಟೋ ಮನೆಗಳಲ್ಲಿ ತಾಯಿಗೆ ಗೊತ್ತಿರುತ್ತದೆ. ಮಕ್ಕಳು ಹೆದರುತ್ತಾರೆ ಎಂದು ಆಕೆಯೂ ಸುಮ್ಮನಿರುತ್ತಾಳೆ.

ಹೇಳುವುದು ಹೇಗೆ? ಮನೆಯಲ್ಲಿ ಒಬ್ಬರು ಹೇಳಬೇಕು, ಹೆಚ್ಚೆಂದರೆ ಇಬ್ಬರು ಜೊತೆಗಿರಬೇಕು. ಸೋದರಮಾವ, ಚಿಕ್ಕಪ್ಪ, ಅತ್ತಿಗೆ ಎಲ್ಲ ಸೇರಿ ಸುತ್ತ ಕೂತರೆ ಅವರು ಮಾತು ಕೇಳುವುದನ್ನು ಬಿಟ್ಟು ಎಲ್ಲರ ಮುಖ ನೋಡುತ್ತಾರೆ. ರಾತ್ರಿ ಹೇಳಬೇಡಿ, ಇಡೀ ರಾತ್ರಿ ಒಬ್ಬರೇ ನುಂಗಿಕೊಂಡು ಮಲಗಬೇಕಾಗುತ್ತದೆ. ಕೀಮೋಗೆ ಹೊರಡುವ ಬೆಳಿಗ್ಗೆಯೂ ಬೇಡ. ಎರಡು ಮೂರು ದಿನ ಮೊದಲು, ಬೆಳಗಿನ ಊಟ ಆದ ಮೇಲೆ ಕೂತು ಮಾತಾಡಿ.

ಹೇಳುವುದಕ್ಕೆ ಮೊದಲು ಕೇಳಿ. ‘ಅವ್ವಾ, ಇಷ್ಟು ಟೆಸ್ಟ್ ಮಾಡಿದ್ರಲ್ಲ, ಏನಿರಬಹುದು ಅಂತ ನಿನಗೆ ಅನ್ನಿಸ್ತದೆ?’ ಉತ್ತರ ಬರುವವರೆಗೆ ಸುಮ್ಮನಿರಿ. ಈ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ, ನಾವು ಗಾಬರಿಯಲ್ಲಿ ಮಾತು ತುಂಬಿಸಿಬಿಡುತ್ತೇವೆ. ‘ದೊಡ್ಡ ರೋಗ ಇರ್ಬೇಕು’ ಎಂದು ಅವರೇ ಅಂದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ‘ನಂಗೇನು ಗೊತ್ತು’ ಎಂದರೆ ಮುಂದಿನದು ಕೇಳಿ: ‘ಡಾಕ್ಟ್ರು ಎಲ್ಲಾ ಹೇಳ್ಯಾರೆ. ನಿನಗೆ ಪೂರ್ತಿ ಹೇಳ್ಲಾ, ಇಲ್ಲಾ ಮುಖ್ಯವಾದದ್ದಷ್ಟೇ ಹೇಳ್ಲಾ?’ ಆಮೇಲೆ ಸಣ್ಣ ಸಣ್ಣ ತುಂಡಾಗಿ ಹೇಳಿ: ‘ಗಂಟು ನೀರಿಂದಲ್ಲ ಅಂತ ರಿಪೋರ್ಟ್ ಬಂದದೆ. ಅದು ಕ್ಯಾನ್ಸರ್ ಗಂಟು. ಅದಕ್ಕೆ ಔಷಧಿ ಅದಾವೆ, ಆಪರೇಷನ್ ಅದೆ. ಮೊದಲು ಔಷಧಿ, ಆಮೇಲೆ ಆಪರೇಷನ್ ಅಂದಾರೆ.’ ಕ್ಯಾನ್ಸರ್ ಎಂಬ ಮಾತನ್ನು ಒಮ್ಮೆಯಾದರೂ ಸ್ಪಷ್ಟವಾಗಿ ಆಡಿ. ‘ಕೆಟ್ಟ ಗಂಟು’ ಎಂದಷ್ಟೇ ಹೇಳಿದರೆ ಅವರು ಅದನ್ನು ಕೀವುಗಂಟು ಎಂದುಕೊಳ್ಳಬಹುದು, ಮಾಟ ಎಂದೂ ಎಂದುಕೊಳ್ಳಬಹುದು. ‘ಏನೂ ಆಗಲ್ಲ ಬಿಡು’ ಎನ್ನಬೇಡಿ, ಅದು ಮುಂದಿನ ಪ್ರಶ್ನೆಗೆ ಬಾಗಿಲು ಹಾಕುವ ಮಾತು. ‘ನೀರುಗಂಟು ಅಂತ ಯಾಕೆ ಹೇಳಿದ್ರಿ’ ಎಂದು ಸಿಟ್ಟಾದರೆ ‘ಹೆದರಿ ಹೇಳಿದ್ವಿ’ ಎಂದುಬಿಡಿ, ನಿಜವೂ ಅದೇ ತಾನೇ.

ಅಳುತ್ತಾರೆ. ಅಳು ಬಂದರೆ ಕುಸಿದರು ಎಂದಲ್ಲ. ಅತ್ತ ಮೇಲೆ ಅವರು ಕೇಳುವ ಪ್ರಶ್ನೆಗಳು ನೀವು ನಿರೀಕ್ಷಿಸಿದವಾಗಿರುವುದಿಲ್ಲ. ಹೊಲ ಮಾರಬೇಕಾ? ಮಗಳಿಗೂ ಬರುತ್ತಾ? ಮೊಮ್ಮಗನ್ನ ಎತ್ಕೋಬಹುದಾ? ಯಾರ ಪಾಪ ಇದು? ಮೊಮ್ಮಗನನ್ನು ಎತ್ತಿಕೊಳ್ಳಬಹುದು, ಕ್ಯಾನ್ಸರ್ ಅಂಟುವುದಿಲ್ಲ. ತಟ್ಟೆ ಲೋಟ ಬೇರೆ ಇಡುವ ಪ್ರಸಂಗವೇ ಬೇಡ. ಪಾಪಕ್ಕೂ ಇದಕ್ಕೂ ಸಂಬಂಧವಿಲ್ಲ. ಮಗಳ ವಿಷಯವನ್ನು ಡಾಕ್ಟರನ್ನು ಕೇಳಿ ಹೇಳುತ್ತೇನೆ ಎನ್ನಿ, ಕೇಳಿ ಬಂದು ಹೇಳಿ. ದುಡ್ಡಿನ ವಿಷಯ ಮುಂದೆ ಬರೆದಿದ್ದೇನೆ.

‘ನಂಗೇನೂ ಹೇಳ್ಬೇಡ, ನೀನೇ ಡಾಕ್ಟ್ರ ಹತ್ರ ಮಾತಾಡು’ ಎಂದು ಅವರೇ ಅಂದರೆ? ತಿಳಿಯದಿರುವುದೂ ಅವರ ಹಕ್ಕು. ಮಾಮೂಲು ಚಿಕಿತ್ಸೆ ಅವರ ಒಪ್ಪಿಗೆಯಿಂದ, ನಿಮ್ಮ ಓಡಾಟದಿಂದ ನಡೆಯುತ್ತದೆ. ಆದರೆ ಆಗ ಸ್ಟಡಿಯನ್ನು ಕೈಬಿಡಿ. ಕಾಯಿಲೆಯ ಹೆಸರೇ ಕೇಳಲು ಇಷ್ಟವಿಲ್ಲದವರು ಪ್ರಯೋಗದ ಅಪಾಯಗಳನ್ನು ತೂಗಿ ನೋಡಲಾರರು.

ಈಗ ಆ 14 ಪುಟಗಳು. ಎಲ್ಲವೂ ಒಂದೇ ತೂಕದವಲ್ಲ. ಮೊದಲು ಸಿಟಿಆರ್‌ಐ ಸಂಖ್ಯೆ ಹುಡುಕಿ. ಭಾರತದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ 2007ರಲ್ಲಿ ಶುರುವಾಯಿತು, 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಸಂಖ್ಯೆಯಲ್ಲಿ ವರ್ಷ, ತಿಂಗಳು, ಕ್ರಮಾಂಕ ಇರುತ್ತವೆ. ಅದನ್ನು ಆ ತಾಣದಲ್ಲಿ ಹಾಕಿದರೆ ಹಣ ಕೊಡುವವರು ಯಾರು, ಯಾವ ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ, ಎಷ್ಟು ಜನರನ್ನು ಸೇರಿಸುತ್ತಾರೆ ಎಂಬುದೆಲ್ಲ ಉಚಿತವಾಗಿ ಸಿಗುತ್ತದೆ. ಸಂಖ್ಯೆ ಕಾಣದಿದ್ದರೆ ಕೇಳಿ. ಕೊಡಲು ತಡವರಿಸಿದರೆ ಸಹಿ ಮುಂದೂಡಿ.

ಆಮೇಲೆ ಇದು ಎಷ್ಟನೇ ಹಂತ ಎಂದು ಕೇಳಿ. ಮೊದಲ ಹಂತದಲ್ಲಿ ನೋಡುವುದು ಎಷ್ಟು ಡೋಸ್ ಮೈಗೆ ತಡೆಯುತ್ತದೆ ಎಂಬುದನ್ನು. ಮೂರನೇ ಹಂತದಲ್ಲಿ ಈಗಿರುವ ಚಿಕಿತ್ಸೆಗಿಂತ ಹೊಸದು ಮೇಲೋ ಅಲ್ಲವೋ ಎಂದು ಹೋಲಿಸುತ್ತಾರೆ. ಮೂರನೇ ಹಂತದಲ್ಲಿ ಸಾಮಾನ್ಯವಾಗಿ ಕಂಪ್ಯೂಟರ್ ಚೀಟಿ ಎತ್ತುತ್ತದೆ: ಕೆಲವರಿಗೆ ಮಾಮೂಲು ಕೀಮೋ ಮಾತ್ರ, ಕೆಲವರಿಗೆ ಕೀಮೋ ಜೊತೆ ಹೊಸ ಔಷಧಿ. ಯಾರು ಯಾವ ಗುಂಪಿಗೆ ಎಂಬುದನ್ನು ಡಾಕ್ಟರು ಆರಿಸುವುದಿಲ್ಲ, ಶಿಫಾರಸು ನಡೆಯದು. ‘ಹೊಸ ಔಷಧಿ ಉಚಿತ’ ಎಂದರೆ ಹೊಸ ಔಷಧಿ ನಿಮ್ಮ ತಾಯಿಗೆ ಸಿಕ್ಕೇ ಸಿಗುತ್ತದೆ ಎಂದಲ್ಲ. ಪ್ಲಾಸಿಬೊ, ಎಂದರೆ ಔಷಧಿಯಂತೆಯೇ ಕಾಣುವ ಆದರೆ ಔಷಧಿ ಇಲ್ಲದ ಮಾತ್ರೆ ಇಲ್ಲವೇ ಇಂಜೆಕ್ಷನ್, ಇದೆಯೇ ಎಂದೂ ಕೇಳಿ. ಒಳ್ಳೆಯ ಚಿಕಿತ್ಸೆ ಇರುವ ಕ್ಯಾನ್ಸರ್‌ನಲ್ಲಿ ಬರೀ ಪ್ಲಾಸಿಬೊ ಕೊಟ್ಟು ಕೂರಿಸುವಂತಿಲ್ಲ. ಕೀಮೋ ಎಲ್ಲರಿಗೂ ಇರಬೇಕು, ಪ್ಲಾಸಿಬೊ ಇದ್ದರೆ ಅದು ಹೊಸ ಔಷಧಿಯ ಜಾಗದಲ್ಲಿ ಮಾತ್ರ.

ಬಹಳ ಮಂದಿ ಎಡವುವುದು ಇಲ್ಲೇ. ಡಾಕ್ಟರು ಹೇಳಿದ್ದಾರೆಂದರೆ ಇದು ಅವ್ವನಿಗೆ ಒಳ್ಳೆಯದೇ ಇರಬೇಕು ಎಂದುಕೊಳ್ಳುತ್ತಾರೆ. ಹೊಸದು ಮೇಲು ಎಂದು ಮೊದಲೇ ಖಾತ್ರಿಯಿದ್ದರೆ ಪ್ರಯೋಗವೇ ಬೇಕಿರಲಿಲ್ಲ. ಆದ್ದರಿಂದ ಡಾಕ್ಟರಿಗೆ ಹಾಕಬೇಕಾದ ಪ್ರಶ್ನೆ ಇದು: ‘ಸಾರ್, ನಾವು ಇದಕ್ಕೆ ಸೇರದಿದ್ದರೆ ನಾಳೆಯಿಂದ ಯಾವ ಚಿಕಿತ್ಸೆ ಕೊಡ್ತೀರಿ? ಸೇರಿದರೆ ಅದರಲ್ಲಿ ಯಾವುದು ಬದಲಾಗ್ತದೆ?’ ಈ ಎರಡರ ಉತ್ತರವನ್ನು ಅಕ್ಕಪಕ್ಕ ಬರೆದುಕೊಂಡರೆ ಹೆಚ್ಚುವರಿ ಏನೇನಿದೆ ಎಂದು ಕಣ್ಣಿಗೆ ಕಾಣುತ್ತದೆ: ಇನ್ನೊಂದು ಬಯಾಪ್ಸಿಯೇ, ಪ್ರತಿ ಸಲ ಎಷ್ಟು ಎಂ.ಎಲ್. ಹೆಚ್ಚು ರಕ್ತ, ಎಷ್ಟು ಹೆಚ್ಚು ಸಲ ಬೆಂಗಳೂರಿಗೆ ಬರಬೇಕು. ದಾವಣಗೆರೆಯಿಂದಲೇ ಬೆಂಗಳೂರಿಗೆ ಸುಮಾರು 260 ಕಿ.ಮೀ. ಕೀಮೋ ಆದ ವಾರದಲ್ಲಿ ಬರೀ ರಕ್ತ ಕೊಡಲು ಆ ದಾರಿ ಓಡಾಡಿಸುವುದು ಸಣ್ಣ ಮಾತಲ್ಲ. ರಕ್ತಪರೀಕ್ಷೆ ದಾವಣಗೆರೆಯಲ್ಲೇ ಮಾಡಿಸಿ ಕಳಿಸಬಹುದೇ, ಪ್ರಯಾಣದ ಖರ್ಚು ಕೊಡುತ್ತಾರೆಯೇ ಎಂಬುದು ಕಾಗದದಲ್ಲೇ ಇರಬೇಕು.

ಇನ್ನೊಂದು ವಿಷಯವನ್ನು ಯಾರೂ ಕೇಳುವುದಿಲ್ಲ. ಹೆಬ್ಬೆಟ್ಟು ಒತ್ತಿದ ಕೂಡಲೇ ಸ್ಟಡಿಗೆ ಸೇರಿದಂತಲ್ಲ. ಮೊದಲು ಅರ್ಹತಾ ಪರೀಕ್ಷೆಗಳು ನಡೆಯುತ್ತವೆ. ಹೃದಯದ ಎಕೋ, ಲಿವರ್, ರಕ್ತ, ಕೆಲವೊಮ್ಮೆ ಗಂಟಿನ ಮಾದರಿಯನ್ನು ಹೊರಗಿನ ಲ್ಯಾಬಿಗೆ ಕಳಿಸುವುದು. ಅಲ್ಲಿ ಹೊಂದದಿದ್ದರೆ ವಾಪಸ್. ಅಷ್ಟರಲ್ಲಿ ಕೆಲವು ವಾರ ಕಳೆದಿರಬಹುದು. ‘ಪರೀಕ್ಷೆಗಳಿಗೆ ಎಷ್ಟು ದಿನ, ಅಷ್ಟರೊಳಗೆ ಆಗದಿದ್ದರೆ ಮಾಮೂಲು ಕೀಮೋ ಯಾವ ತಾರೀಖಿಗೆ ಶುರು’ ಎಂದು ತಾರೀಖು ಸಮೇತ ಕೇಳಿ.

‘ಉಚಿತ’ ಎಂಬ ಮಾತನ್ನು ಬಿಡಿಸಿ ನೋಡಿ. ಸ್ಟಡಿ ಔಷಧಿ ಉಚಿತವಿದ್ದೂ ಮಾಮೂಲು ಕೀಮೋ, ಸ್ಕ್ಯಾನ್, ಬೆಡ್ ಖರ್ಚು ನಿಮ್ಮದೇ ಆಗಿರಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಕೀಮೋ ಆಪರೇಷನ್ ರೇಡಿಯೇಷನ್ ಅದರಲ್ಲಿವೆ. ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗೆಂದೇ ಇರುವ ಆರೋಗ್ಯಮಿತ್ರರನ್ನು ಮೊದಲು ಕಂಡು, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕೇ ಎಂದು ಕೇಳಿ. ಹೊಲ ಮಾರುವ ಮಾತು ಆಮೇಲೆ. ದುಡ್ಡಿಲ್ಲವೆಂಬ ಒಂದೇ ಕಾರಣಕ್ಕೆ ಪ್ರಯೋಗಕ್ಕೆ ಸೇರುವುದು ನನಗೆ ಸರಿ ಕಾಣುವುದಿಲ್ಲ. ಬೇರೆ ದಾರಿ ಇದೆ ಎಂದು ಗೊತ್ತಿದ್ದು ಸೇರುವುದಾದರೆ ಸೇರಲಿ.

ಪ್ರಯೋಗದಿಂದ ತೊಂದರೆಯಾದರೆ ಅದರ ಚಿಕಿತ್ಸೆ ಉಚಿತವಾಗಿ ಕೊಡಬೇಕು. ತೊಂದರೆಗೆ ಪ್ರಯೋಗವೇ ಕಾರಣವೆಂದು ತೀರ್ಮಾನವಾದರೆ ಅದಕ್ಕೆ ಬೇರೆಯಾಗಿ ಹಣದ ಪರಿಹಾರವಿದೆ. ಗಂಭೀರ ತೊಂದರೆಯನ್ನು ಅದು ಆದ 24 ಗಂಟೆಯೊಳಗೆ ಡಾಕ್ಟರು ವರದಿ ಮಾಡಬೇಕು. ಇದೆಲ್ಲ ನಡೆಯಬೇಕಾದರೆ ತೊಂದರೆ ಆದದ್ದು ಅವರಿಗೆ ಗೊತ್ತಾಗಬೇಕಲ್ಲ. ಜ್ವರ ಬಂದು ಊರ ಪಕ್ಕದ ಕ್ಲಿನಿಕ್‌ನಲ್ಲಿ ಸೂಜಿ ಹಾಕಿಸಿಕೊಂಡರೆ ಅದೂ ಫೋನ್ ಮಾಡಿ ಹೇಳಬೇಕಾದ ಸಂಗತಿಯೇ. ಎಥಿಕ್ಸ್ ಕಮಿಟಿಯ ಫೋನ್ ಸಂಖ್ಯೆ ಕೊನೆಯ ಪುಟಗಳಲ್ಲಿರುತ್ತದೆ. ಡಾಕ್ಟರ ಮೇಲೆಯೇ ದೂರು ಇದ್ದರೆ ಅಲ್ಲಿಗೆ ಮಾಡಬೇಕು.

ಲಾಭದ ಅಂಕಿಗಳನ್ನು ನೂರು ಜನರ ಲೆಕ್ಕದಲ್ಲಿ ಕೇಳಿ. ಉದಾಹರಣೆಗೆ, ನೂರರಲ್ಲಿ 20 ಮಂದಿಗೆ ಮರಳಿ ಬರುತ್ತಿದ್ದ ಕಾಯಿಲೆ 16 ಮಂದಿಗೆ ಇಳಿದರೆ ‘ಶೇ 20ರಷ್ಟು ಕಡಿಮೆ’ ಎಂದೂ ಹೇಳಬಹುದು, ‘ನೂರರಲ್ಲಿ ನಾಲ್ವರಿಗೆ ಲಾಭ’ ಎಂದೂ ಹೇಳಬಹುದು. ಎರಡನೆಯದು ನಿಮಗೆ ಅರ್ಥವಾಗುತ್ತದೆ. ಮೊದಲು ಕೀಮೋ ಕೊಡುವ ಸ್ಟಡಿಗಳಲ್ಲಿ ಬಹಳ ಸಲ ಅಳೆಯುವುದು, ಆಪರೇಷನ್‌ನಲ್ಲಿ ತೆಗೆದ ಭಾಗದಲ್ಲಿ ಮೈಕ್ರೋಸ್ಕೋಪಿಗೂ ಕ್ಯಾನ್ಸರ್ ಕಾಣದಂತಾಯಿತೇ ಎಂಬುದನ್ನು. ಅದು ಒಳ್ಳೆಯ ಸೂಚನೆ ಹೌದು, ಆಯುಷ್ಯ ಹೆಚ್ಚಿತು ಎಂಬುದಕ್ಕೆ ಪುರಾವೆಯಲ್ಲ.

ತೀರ್ಮಾನ ಆ ದಿನವೇ ಆಗಬೇಕಿಲ್ಲ. ಕಾಗದ ಮನೆಗೆ ತನ್ನಿ, ಅವ್ವನಿಗೆ ಓದಿ ಹೇಳಿ, ‘ಏನು ತಿಳೀತು, ನೀನೇ ಹೇಳು ನೋಡೋಣ’ ಎಂದು ಅವರ ಬಾಯಲ್ಲೇ ಕೇಳಿ. ಸೇರದಿದ್ದರೂ, ಸೇರಿ ನಡುವೆ ಬಿಟ್ಟರೂ ಮಾಮೂಲು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಬೇಡವೆನ್ನಲು ಕಾರಣ ಕೊಡಬೇಕಾಗಿಲ್ಲ: ‘ಮೇಡಂ, ಅವ್ವ ಬ್ಯಾಡ ಅಂದ್ರು, ಮಾಮೂಲು ಕೀಮೋ ಶುರು ಮಾಡಿ’ ಎಂದರೆ ಸಾಕು.

ಡಾಕ್ಟರ ಮುಂದೆ ಸಿಗುವ ಹತ್ತು ನಿಮಿಷಕ್ಕೆ ಮೂರು ಪ್ರಶ್ನೆ ಬರೆದುಕೊಂಡು ಹೋಗಿ, ಹತ್ತಲ್ಲ. ಮಾತಾಡುವವರು ಒಬ್ಬರೇ ಇರಲಿ. ಕುರ್ಚಿಯಲ್ಲಿ ಅವ್ವ ಕೂರಲಿ, ನೀವು ನಿಲ್ಲಿ. ಡಾಕ್ಟರು ಯಾರನ್ನು ನೋಡಿ ಮಾತಾಡುತ್ತಾರೆ ಎಂಬುದು ಇದರಿಂದಲೇ ಬದಲಾಗುತ್ತದೆ. ಅನುಮತಿ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಮನೆಯಲ್ಲಿ ಉಳಿದವರಿಗೂ ಕೇಳಿಸಬಹುದು. ದಾವಣಗೆರೆಯ ಬಯಾಪ್ಸಿ ರಿಪೋರ್ಟ್ ಜೊತೆಗೆ ಗಂಟಿನ ತುಣುಕು ಇಟ್ಟ ಮೇಣದ ಬ್ಲಾಕ್‌ಗಳನ್ನೂ ಸ್ಲೈಡ್‌ಗಳನ್ನೂ ಲ್ಯಾಬಿನಿಂದ ಪಡೆದು ಒಯ್ಯಿರಿ, ಇಲ್ಲದಿದ್ದರೆ ಮತ್ತೆ ಚುಚ್ಚಬೇಕಾದೀತು. ರಿಪೋರ್ಟಿನ ‘ಗ್ರೇಡ್ 3’ ನೋಡಿ ಮೂರನೇ ಸ್ಟೇಜ್ ಎಂದು ಅಳುವವರಿದ್ದಾರೆ. ಗ್ರೇಡ್ ಎಂದರೆ ಜೀವಕೋಶಗಳು ಎಷ್ಟು ಒರಟಾಗಿವೆ ಎಂಬುದು, ಸ್ಟೇಜ್ ಎಂದರೆ ಎಲ್ಲಿಯವರೆಗೆ ಹರಡಿದೆ ಎಂಬುದು.

ಕೀಮೋ ಶುರುವಾದ ಮೇಲೆ ಒಂದು ನೂರು ಪುಟದ ನೋಟ್‌ಬುಕ್ ಇಡಿ. ತಾರೀಖು, ಜ್ವರ ಎಷ್ಟು ಡಿಗ್ರಿ, ವಾಂತಿ ಭೇದಿ ಎಷ್ಟು ಸಲ, ಬಾಯಿಹುಣ್ಣು, ಕೈಕಾಲು ಜುಮುಗುಟ್ಟುವುದು, ಊಟ, ನಿದ್ದೆ. ನೋವನ್ನು ಸೊನ್ನೆಯಿಂದ ಹತ್ತರಲ್ಲಿ ಹೇಳಲು ಬಾರದಿದ್ದರೆ ರೂಪಾಯಿ ಲೆಕ್ಕದಲ್ಲಿ ಕೇಳಿ: ನಾಲ್ಕಾಣೆ ನೋವೋ, ಎಂಟಾಣೆಯೋ, ಹನ್ನೆರಡಾಣೆಯೋ. ಇದು ಸುಮ್ಮನೆ ಬರೆಯುವ ಕೆಲಸವಲ್ಲ. ಅಮೆರಿಕದಲ್ಲಿ ಹರಡಿದ ಕ್ಯಾನ್ಸರ್ ಇದ್ದ 766 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಕ್ಷಣಗಳನ್ನು ತಾವೇ ಆಗಾಗ ದಾಖಲಿಸಿ ನರ್ಸ್‌ಗಳಿಗೆ ತಲುಪಿಸುತ್ತಿದ್ದ ಗುಂಪಿನವರು ಸರಾಸರಿ ಐದು ತಿಂಗಳು ಹೆಚ್ಚು ಬದುಕಿದರು: 26 ತಿಂಗಳ ಬದಲು 31.2. ನಮ್ಮ ಹೆಂಗಸರು ‘ಹೆಂಗಿದೀರಮ್ಮ’ ಎಂದರೆ ‘ಆರಾಮಿದೀನಿ ಸಾರ್’ ಎನ್ನುತ್ತಾರೆ. ನೋಟ್‌ಬುಕ್ ಹಾಗೆ ಸುಳ್ಳು ಹೇಳುವುದಿಲ್ಲ.

ಕೊನೆಗೆ ಜ್ವರ. ಕೀಮೋ ಆದ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಮಾತ್ರೆ ಜ್ವರ ಇಳಿಸುತ್ತದೆ, ಸೋಂಕು ಒಳಗೇ ಏರುತ್ತಿರುತ್ತದೆ. ಬೆಂಗಳೂರಿಗೆ ಹೊರಡುವುದಲ್ಲ, ರಾತ್ರಿ ಎಷ್ಟು ಹೊತ್ತಾದರೂ ದಾವಣಗೆರೆ ಇಲ್ಲವೇ ಚಿತ್ರದುರ್ಗ, ಯಾವುದು ಬೇಗ ಸಿಗುತ್ತದೋ ಅಲ್ಲಿನ ದೊಡ್ಡ ಆಸ್ಪತ್ರೆಯ ತುರ್ತು ಘಟಕ ಸೇರಿ ರಕ್ತಪರೀಕ್ಷೆಯೂ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ಕೂ ಶುರುವಾಗಬೇಕು. ಅಲ್ಲಿನ ಡ್ಯೂಟಿ ಡಾಕ್ಟರಿಗೆ ನಿಮ್ಮ ತಾಯಿಯ ಕಥೆ ಗೊತ್ತಿರುವುದಿಲ್ಲ. ಆದ್ದರಿಂದ ಮೊದಲ ಕೀಮೋ ದಿನವೇ ಬೆಂಗಳೂರಿನ ಡಾಕ್ಟರಿಂದ ಅರ್ಧ ಪುಟ ಬರೆಸಿಕೊಳ್ಳಿ: ಯಾವ ಔಷಧಿ, ಯಾವ ತಾರೀಖು, ಜ್ವರ ಬಂದರೆ ಏನು ಮಾಡಬೇಕು, ಸ್ಟಡಿಯಲ್ಲಿದ್ದರೆ ಅದರ ಹೆಸರು, ರಾತ್ರಿ ಯಾವ ಸಂಖ್ಯೆಗೆ ಕರೆ ಮಾಡಬೇಕು. ಫೋಟೊ ತೆಗೆದು ಮನೆಯ ಎಲ್ಲರ ಮೊಬೈಲಿಗೂ ಕಳಿಸಿ, ಮೂಲ ಪ್ರತಿಯನ್ನು ಥರ್ಮಾಮೀಟರ್ ಇಟ್ಟ ಡಬ್ಬಿಯಲ್ಲೇ ಇಡಿ. ಅದೇ ದಿನ ರೈಲ್ವೆ ರಿಯಾಯಿತಿಯ ನಮೂನೆಗೂ ಸಹಿ, ಸೀಲು ಹಾಕಿಸಿಕೊಳ್ಳಿ. ಚಿಕಿತ್ಸೆಗೆ ಹೋಗಿ ಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ಪೂರ್ತಿ, ಜೊತೆಗಿರುವ ಒಬ್ಬರಿಗೆ ಶೇ 75 ರಿಯಾಯಿತಿ ಇದೆ.